ಬೆಲ್ಲದ ಕಾಫಿ, ಎಲೆ ಅಡಿಕೆ, ಬಿರುಸು ಬ್ರಷ್: ಕೊಡಗಿನ ಬಾಯಲ್ಲಿ ಹಲ್ಲು ಕೆಡುವ ಬಗೆ

ಪೊನ್ನಂಪೇಟೆಯಲ್ಲಾಗಲಿ ಸೋಮವಾರಪೇಟೆಯಲ್ಲಾಗಲಿ, ಕಾಫಿ ಕೊಯ್ಲಿನ ಸಮಯದ ಒಂದು ದಿನವನ್ನು ತೆಗೆದುಕೊಳ್ಳಿ. ಬೆಳಿಗ್ಗೆ 6ಕ್ಕೆ ಚಳಿ ಬಿಡಿಸಲು ಒಂದು ಲೋಟ ಬೆಲ್ಲದ ಕಾಫಿ. 8.30ಕ್ಕೆ ಅಕ್ಕಿರೊಟ್ಟಿಯ ಜೊತೆ ಇನ್ನೊಂದು. 10.30ಕ್ಕೆ ತೋಟದಲ್ಲೇ ಮತ್ತೊಂದು, ಜೊತೆಗೆ ಎರಡು ಬಿಸ್ಕತ್ತು. 1 ಗಂಟೆಗೆ ಊಟ. 4ಕ್ಕೆ ಕಾಫಿ, ರಸ್ಕು. ಕತ್ತಲಾದ ಮೇಲೆ 6.30ಕ್ಕೆ ಇನ್ನೂ ಒಂದು ಲೋಟ. ರಾತ್ರಿ ಊಟ 8.30ಕ್ಕೆ. ಇದರಲ್ಲಿ ಅತಿ ಎನ್ನುವಂಥದ್ದು ಏನೂ ಕಾಣುವುದಿಲ್ಲ. ಯಾರೂ ಮಿಠಾಯಿ ಮುಕ್ಕಿಲ್ಲ, ಒಟ್ಟು ಬೆಲ್ಲ ಎಂಟು ಹತ್ತು ಚಮಚ ದಾಟಿರಲಿಕ್ಕಿಲ್ಲ. ಆದರೂ ಇದೇ ದಿನಚರಿ ಹತ್ತು ವರ್ಷ ನಡೆದರೆ ದವಡೆ ಹಲ್ಲುಗಳ ನಡುವೆ ಹುಳುಕು ಬಿದ್ದಿರಬಹುದು. ಏಕೆ ಎಂದು ತಿಳಿಯಲು ಬೆಲ್ಲವನ್ನು ಅಳೆಯುವುದಕ್ಕಿಂತ ಗಡಿಯಾರ ನೋಡುವುದು ಮೇಲು.

ಹಲ್ಲಿನ ಹೊರಪದರ ಎನಾಮೆಲ್. ತೂಕದಲ್ಲಿ ಅದರ ಶೇ 96ರಷ್ಟು ಖನಿಜವೇ, ಮುಖ್ಯವಾಗಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್. ನಮ್ಮ ದೇಹದಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಬೇರೆ ಇಲ್ಲ. ಆದರೆ ಇದು ಆಮ್ಲಕ್ಕೆ ಸೋಲುತ್ತದೆ. ಆಮ್ಲವನ್ನು ಅಳೆಯುವ ಅಂಕಿ ಪಿಎಚ್, ಅದು ಇಳಿದಷ್ಟೂ ಆಮ್ಲ ಹೆಚ್ಚು. ಬಾಯಿಯ ಪಿಎಚ್ ಸಾಮಾನ್ಯವಾಗಿ 7ರ ಹತ್ತಿರ ಇರುತ್ತದೆ, ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್‌ನ ಖನಿಜ ಕರಗಲು ಶುರು. ಹಲ್ಲಿನ ಮೇಲೆ ಸದಾ ಒಂದು ತೆಳುವಾದ ಅಂಟು ಪದರ ಇರುತ್ತದೆ. ಬೆಳಿಗ್ಗೆ ಎದ್ದಾಗ ನಾಲಿಗೆಗೆ ಲೋಳೆಯಂತೆ ತಾಗುವುದು ಅದೇ. ಅದರೊಳಗಿನ ಬ್ಯಾಕ್ಟೀರಿಯಾಗಳು ಸಿಹಿ ಸಿಕ್ಕ ಕೆಲವೇ ನಿಮಿಷಗಳಲ್ಲಿ ಅದನ್ನು ಆಮ್ಲವಾಗಿ ಮಾಡುತ್ತವೆ. ಐದು ಹತ್ತು ನಿಮಿಷದೊಳಗೆ ಪಿಎಚ್ ಕುಸಿಯುತ್ತದೆ. ಆಮೇಲೆ ಜೊಲ್ಲು ಬಂದು ಆಮ್ಲವನ್ನು ತೊಳೆದು, ತಣಿಸಿ, ತನ್ನಲ್ಲಿರುವ ಕ್ಯಾಲ್ಸಿಯಂ ಫಾಸ್ಫೇಟನ್ನು ಹಲ್ಲಿಗೆ ವಾಪಸು ತುಂಬುತ್ತದೆ. ಪಿಎಚ್ ಮೊದಲಿನ ಮಟ್ಟಕ್ಕೆ ಬರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು.

ಈಗ ಮೇಲಿನ ದಿನವನ್ನು ಕೂಡಿಸಿ. ಅನ್ನ, ರೊಟ್ಟಿಯ ಪಿಷ್ಟವೂ ಬಾಯಲ್ಲಿ ಸಕ್ಕರೆಯಾಗುವುದರಿಂದ ಊಟವೂ ಲೆಕ್ಕಕ್ಕೆ ಸೇರುತ್ತದೆ. ಒಟ್ಟು ಏಳು ಸಲ. ಒಂದೊಂದಕ್ಕೆ 40 ನಿಮಿಷ ಎಂದರೆ 280 ನಿಮಿಷ, ಹತ್ತಿರಹತ್ತಿರ ಐದು ಗಂಟೆ ಹಲ್ಲು ಆಮ್ಲದಲ್ಲಿ ನೆನೆದಿದೆ. ಇಷ್ಟನ್ನು ಜೊಲ್ಲು ಹೇಗೋ ಸರಿದೂಗಿಸಬಹುದು, ಅದರಲ್ಲೂ ಫ್ಲೋರೈಡ್ ಪೇಸ್ಟಿನ ನೆರವು ಇದ್ದರೆ. ಇನ್ನೂ ದೊಡ್ಡ ತೊಂದರೆ ಬರುವುದು ಫ್ಲಾಸ್ಕಿನಿಂದ. ಕಣದಲ್ಲಿ ಕಾಫಿ ಹರವುವಾಗ, ಅಂಗಡಿಯ ಗಲ್ಲಾದಲ್ಲಿ ಕೂತಾಗ, ಆಫೀಸಿನ ಮೇಜಿನ ಮೇಲೆ ಫ್ಲಾಸ್ಕ್ ಇಟ್ಟುಕೊಂಡು ಅರ್ಧ ಗಂಟೆಗೊಂದು ಗುಟುಕು ಹೀರುವ ಅಭ್ಯಾಸ ಇದ್ದರೆ, ಒಂದು ಗುಟುಕಿನ ಆಮ್ಲ ಇಳಿಯುವ ಮೊದಲೇ ಇನ್ನೊಂದು ಬಂದಿರುತ್ತದೆ. ಕುಡಿದದ್ದು ಎರಡೇ ಲೋಟ ಇರಬಹುದು. ಹಲ್ಲಿಗೆ ಅದು ಬೆಳಗಿನಿಂದ ಸಂಜೆಯವರೆಗೆ ಬಿಡುವೇ ಇಲ್ಲದ ಒಂದೇ ಲೋಟ.

ಬೆಲ್ಲ ಒಳ್ಳೆಯದಲ್ಲವೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಬೆಲ್ಲದ ಬಹುಪಾಲು ಸುಕ್ರೋಸ್, ಅಂದರೆ ಸಕ್ಕರೆಯಲ್ಲಿರುವುದೇ. ಅದರ ಕಬ್ಬಿಣದ ಅಂಶ, ಬಣ್ಣ, ರುಚಿ ಯಾವುದೂ ಬ್ಯಾಕ್ಟೀರಿಯಾಗೆ ವ್ಯತ್ಯಾಸ ಮಾಡುವುದಿಲ್ಲ. ಜೇನಿಗೂ ಇದೇ ಮಾತು. ಕೊಡಗಿನ ಜೇನಿನ ಹೆಸರು ದೊಡ್ಡದು, ಆದರೆ ಮಗು ಅಳುವಾಗ ರಬ್ಬರ್ ನಿಪ್ಪಲ್‌ಗೆ ಜೇನು ಸವರಿ ಬಾಯಿಗಿಡುವುದು ಹಲ್ಲಿಗೆ ತೀರಾ ಕೆಟ್ಟದ್ದು. ಒಂದು ವರ್ಷದೊಳಗಿನ ಮಗುವಿಗಂತೂ ಜೇನನ್ನು ಕೊಡಲೇಬಾರದು, ಬೊಟುಲಿಸಂ ಎಂಬ ವಿಷಬಾಧೆಯ ಭಯವಿದೆ.

ಹಾಗೆಂದು ಬೆಲ್ಲದ ಕಾಫಿಯನ್ನು ಬಿಡಿ ಎಂದು ಯಾರಿಗೂ ಹೇಳಬೇಕಾಗಿಲ್ಲ. ಕುಡಿಯುವ ಕ್ರಮ ಬದಲಾದರೆ ಸಾಕು. ಸಿಹಿ ಕಾಫಿಯನ್ನು ತಿಂಡಿ ಊಟದ ಹೊತ್ತಿಗೇ ಸೇರಿಸಿ, ಹತ್ತು ನಿಮಿಷದೊಳಗೆ ಮುಗಿಸಿ. ನಡುವಿನ ಹೊತ್ತಿಗೆ ಬೇಕೇ ಬೇಕಾದರೆ ಬೆಲ್ಲವಿಲ್ಲದ ಕಡುಕಾಫಿ. ಅದು ಹಲ್ಲಿಗೆ ಬಣ್ಣ ಹಿಡಿಸುತ್ತದೆಯೇ ಹೊರತು ಹುಳುಕು ತರುವುದಿಲ್ಲ. ಕುಡಿದ ಮೇಲೆ ಒಂದು ಬಾಯಿ ನೀರು ತುಂಬಿ, ಕೆನ್ನೆಗಳೊಳಗೆ ಅತ್ತಿತ್ತ ಆಡಿಸಿ ನುಂಗಿ ಅಥವಾ ಉಗುಳಿ. ಜೊಲ್ಲಿನ ಕೆಲಸ ಅರ್ಧ ಹಗುರಾಗುತ್ತದೆ. ಕಾಫಿಯ ಜೊತೆಗಿನ ಬಿಸ್ಕತ್ತು, ರಸ್ಕು, ಬಾಳೆಕಾಯಿ ಚಿಪ್ಸ್ ಬಗ್ಗೆ ಇನ್ನೂ ಹೆಚ್ಚು ಎಚ್ಚರ ಬೇಕು. ದ್ರವ ಇಳಿದು ಹೋಗುತ್ತದೆ. ಇವು ಹಿಟ್ಟಾಗಿ ದವಡೆ ಹಲ್ಲಿನ ಗುಳಿಗಳಲ್ಲಿ ಗಂಟೆಗಟ್ಟಲೆ ಕೂರುತ್ತವೆ. ಬಿಸ್ಕತ್ತು ತಿಂದು ಹತ್ತು ನಿಮಿಷ ಬಿಟ್ಟು ಕೊನೆಯ ದವಡೆ ಹಲ್ಲಿನ ಮೇಲೆ ನಾಲಿಗೆ ಆಡಿಸಿದರೆ ಗೊತ್ತಾಗುತ್ತದೆ, ಹಿಟ್ಟು ಇನ್ನೂ ಅಲ್ಲೇ ಇರುತ್ತದೆ. ಅದರ ಬದಲು ಒಂದು ಹಿಡಿ ಕಡಲೆಬೀಜ ಎಷ್ಟೋ ವಾಸಿ.

ಹಬ್ಬದ ಸಿಹಿಯ ಬಗ್ಗೆ ಅಷ್ಟು ಹೆದರಬೇಕಿಲ್ಲ. ಪುತ್ತರಿಯ ತಂಬುಟ್ಟನ್ನು ಹೊಟ್ಟೆ ತುಂಬ ತಿಂದರೂ ಅದು ವರ್ಷಕ್ಕೆ ಒಂದು ದಿನದ ಮಾತು. ಹಲ್ಲು ಅದನ್ನು ಸುಧಾರಿಸಿಕೊಳ್ಳುತ್ತದೆ. ಸುಧಾರಿಸಿಕೊಳ್ಳಲಾಗದ್ದು ದಿನಕ್ಕೆ ಎಂಟು ಸಲದ ಚಿಟಿಕೆ ಚಿಟಿಕೆ ಸಿಹಿ.

ರಾತ್ರಿಯ ಮಾತು ಬೇರೆ

ನಿದ್ದೆಯಲ್ಲಿ ಜೊಲ್ಲು ಬಹುತೇಕ ನಿಂತೇ ಹೋಗುತ್ತದೆ. ಬಾಯಿ ಬಿಟ್ಟು ಮಲಗುವವರಿಗೆ ಇನ್ನೂ ಕಡಿಮೆ. ಹಗಲಿನಲ್ಲಿ ಅರ್ಧ ಗಂಟೆಯಲ್ಲಿ ತಣಿಯುವ ಆಮ್ಲ ರಾತ್ರಿ ಗಂಟೆಗಟ್ಟಲೆ ಉಳಿಯುತ್ತದೆ. ಅದಕ್ಕೇ ಬೆಳಿಗ್ಗೆಯದಕ್ಕಿಂತ ರಾತ್ರಿ ಹಲ್ಲುಜ್ಜುವುದು ಮುಖ್ಯ. ನಮ್ಮಲ್ಲಿ ನಡೆಯುವುದು ತಲೆಕೆಳಗು. ಬೆಳಿಗ್ಗೆ ತಪ್ಪದೆ ಉಜ್ಜುತ್ತೇವೆ, ರಾತ್ರಿ ಊಟವಾದ ಮೇಲೆ ಬಾಯಿ ಮುಕ್ಕಳಿಸಿ ಮಲಗುತ್ತೇವೆ. ಎರಡರಲ್ಲಿ ಒಂದನ್ನು ಮಾತ್ರ ಮಾಡಲು ಸಾಧ್ಯ ಎನ್ನುವ ಮನೆಯಿದ್ದರೆ, ರಾತ್ರಿಯದನ್ನು ಉಳಿಸಿಕೊಳ್ಳಿ ಎಂದೇ ಹೇಳಬೇಕಾಗುತ್ತದೆ.

ಪುಟ್ಟ ಮಕ್ಕಳಲ್ಲಿ ಇದರ ಪರಿಣಾಮ ಕಣ್ಣಿಗೆ ಕಾಣುತ್ತದೆ. ಸಕ್ಕರೆ ಹಾಕಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ಮಗು ನಿದ್ದೆ ಹೋದರೆ, ಮೇಲಿನ ಮುಂದಿನ ನಾಲ್ಕು ಹಲ್ಲುಗಳ ಸುತ್ತ ಹಾಲು ನಿಲ್ಲುತ್ತದೆ. ಕೆಳಗಿನ ಹಲ್ಲುಗಳನ್ನು ನಾಲಿಗೆ ಮುಚ್ಚಿಕೊಂಡಿರುವುದರಿಂದ ಅವು ಉಳಿಯುತ್ತವೆ. ಮಗುವಿನ ಮೇಲ್ದುಟಿಯನ್ನು ಬೆರಳಿನಿಂದ ಎತ್ತಿ, ಬೆಳಕಿನಲ್ಲಿ ನೋಡಿ. ವಸಡಿನ ಅಂಚಿನಲ್ಲಿ ಸುಣ್ಣ ಬಳಿದಂಥ ಬಿಳಿ ಗೆರೆ ಕಂಡರೆ ಅದೇ ಹುಳುಕಿನ ಮೊದಲ ಗುರುತು. ಈ ಹಂತದಲ್ಲಿ ಬಾಟಲಿ ಬಿಡಿಸಿ ಫ್ಲೋರೈಡ್ ಹಚ್ಚಿಸಿದರೆ ಹಲ್ಲು ಮತ್ತೆ ಗಟ್ಟಿಯಾಗುತ್ತದೆ. ಕಂದು ಬಣ್ಣಕ್ಕೆ ತಿರುಗಿ ಗುಳಿ ಬಿದ್ದ ಮೇಲೆ ಆಗುವುದಿಲ್ಲ.

ತಂದೆತಾಯಿಗಳು ಮೋಸ ಹೋಗುವ ಇನ್ನೊಂದು ಹಲ್ಲಿದೆ. ಸುಮಾರು ಆರನೇ ವಯಸ್ಸಿಗೆ ಹಾಲು ಹಲ್ಲುಗಳ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆ, ಹೊಸದೊಂದು ದವಡೆ ಹಲ್ಲು ಮೂಡುತ್ತದೆ. ಹಾಲು ಹಲ್ಲು, ಹೇಗೂ ಬಿದ್ದು ಹೋಗುತ್ತದೆ ಎಂದು ಬಿಟ್ಟುಬಿಡುತ್ತಾರೆ. ಅದು ಬೀಳುವ ಹಲ್ಲಲ್ಲ. ಜೀವಮಾನಕ್ಕೆ ಅದೊಂದೇ. ಅದರ ಮೇಲ್ಮೈಯಲ್ಲಿ ಆಳವಾದ ಗೀರುಗಳಿರುವುದರಿಂದ ಬೇಗ ಹುಳುಕು ಹಿಡಿಯುವುದೂ ಅದಕ್ಕೇ. ಆ ಗೀರುಗಳನ್ನು ಮುಚ್ಚುವ ಸೀಲೆಂಟ್ ಎಂಬ ಲೇಪವಿದೆ. ಕೊರೆಯಬೇಕಿಲ್ಲ, ಚುಚ್ಚಬೇಕಿಲ್ಲ, ಹಲ್ಲೊಂದಕ್ಕೆ ಕೆಲವು ನಿಮಿಷದ ಕೆಲಸ. ಮಗು ಶಾಲೆಗೆ ಸೇರುವ ವರ್ಷದಲ್ಲೇ ಒಮ್ಮೆ ದಂತವೈದ್ಯರಿಗೆ ತೋರಿಸಲು ಇದೊಂದೇ ಕಾರಣ ಸಾಕು.

ಉಜ್ಜುವುದರಲ್ಲೇ ಆಗುವ ತಪ್ಪು

ಹಲ್ಲುಜ್ಜುವುದನ್ನು ಪಾತ್ರೆ ತಿಕ್ಕುವುದರಂತೆ ಮಾಡುವವರೇ ಹೆಚ್ಚು. ಗಟ್ಟಿ ಎಳೆಯ ಬ್ರಷ್, ಅಡ್ಡಡ್ಡ ಎಳೆತ, ಕೈಯಲ್ಲಿರುವ ಬಲವೆಲ್ಲ. ಅದು ಎಲ್ಲಿ ಕೆಟ್ಟ ಕೆಲಸ ಮಾಡಿದೆ ಎಂದು ನೋಡಲು ಕನ್ನಡಿಯ ಮುಂದೆ ನಿಂತು, ತುಟಿಯ ಮೂಲೆಯನ್ನು ಎಳೆದು ಹಿಡಿಯಿರಿ. ಕೋರೆಹಲ್ಲು ಮತ್ತು ಅದರ ಹಿಂದಿನ ಹಲ್ಲಿನ ಬುಡದಲ್ಲಿ, ವಸಡು ಸೇರುವಲ್ಲಿ, ಕೊಡಲಿಯಿಂದ ಕಚ್ಚು ಹಾಕಿದಂತೆ ಒಂದು ಗೀರು ಇದೆಯೇ? ಉಗುರು ಅದಕ್ಕೆ ಸಿಕ್ಕಿಕೊಳ್ಳುತ್ತದೆಯೇ? ಬಲಗೈಯವರಿಗೆ ಇದು ಎಡಗಡೆ ಹೆಚ್ಚು ಕಾಣುವುದುಂಟು, ಏಕೆಂದರೆ ಬಲಗೈಯ ಬಲ ಬೀಳುವುದು ಆ ಕಡೆ. ಬುಡದಲ್ಲಿ ಎನಾಮೆಲ್ ತೀರ ತೆಳು. ಅದು ಸವೆದರೆ ಡೆಂಟಿನ್ ಎಂಬ ಒಳಪದರ ತೆರೆದುಕೊಳ್ಳುತ್ತದೆ. ಬಾವಿಯ ತಣ್ಣೀರು ಬಾಯಿಗಿಟ್ಟ ಕೂಡಲೇ ಜುಂ ಎನ್ನುವುದು ಇದರಿಂದಲೇ.

ಇದ್ದಿಲು, ಉಪ್ಪು, ಇಟ್ಟಿಗೆ ಪುಡಿ, ಭತ್ತದ ಹೊಟ್ಟು ಸುಟ್ಟ ಕರಿ ಇವೆಲ್ಲ ಹಲ್ಲನ್ನು ಬೆಳ್ಳಗೆ ಮಾಡುವುದು ಮರಳುಕಾಗದದಂತೆ ಉಜ್ಜಿ. ಮೊದಲ ವಾರ ಹಲ್ಲು ಹೊಳೆಯುತ್ತದೆ, ಕೆಲವು ವರ್ಷಗಳಲ್ಲಿ ಹಳದಿಯಾಗುತ್ತದೆ. ಎನಾಮೆಲ್ ತೆಳುವಾದಂತೆ ಒಳಗಿನ ಡೆಂಟಿನ್‌ನ ಹಳದಿ ಬಣ್ಣ ಹೊರಗೆ ಕಾಣುವುದು ಇದಕ್ಕೆ ಕಾರಣ. ಆಗ ಇನ್ನೂ ಜೋರಾಗಿ ಉಜ್ಜುತ್ತಾರೆ. ಈಗ ಅಂಗಡಿಗಳಲ್ಲಿ ಇದ್ದಿಲಿನ ಪೇಸ್ಟ್ ಎಂದು ಕಪ್ಪು ಟ್ಯೂಬುಗಳು ಬಂದಿವೆ. ಹೊಸ ಡಬ್ಬಿಯಲ್ಲಿ ಹಳೇ ಇದ್ದಿಲು ಎಂಬುದೇ ನಮ್ಮ ಅಭಿಪ್ರಾಯ. ಹೊಗೆಸೊಪ್ಪು ಬೆರೆತ ಹಲ್ಲುಪುಡಿ, ಪೇಸ್ಟನ್ನು 1992ರಲ್ಲೇ ದೇಶದಲ್ಲಿ ನಿಷೇಧಿಸಲಾಗಿದೆ. ಆದರೂ ಹೊಗೆಸೊಪ್ಪು ಸುಟ್ಟು ಪುಡಿ ಮಾಡಿ ಹಲ್ಲಿಗೆ ತಿಕ್ಕುವವರು ಹಿರಿಯರಲ್ಲಿ ಅಲ್ಲಲ್ಲಿ ಇದ್ದಾರೆ. ಅವರು ಹಲ್ಲುಜ್ಜುತ್ತಿಲ್ಲ, ವಸಡಿನ ಮೂಲಕ ನಿಕೋಟಿನ್ ತೆಗೆದುಕೊಳ್ಳುತ್ತಿದ್ದಾರೆ. ಬೆಳಿಗ್ಗೆ ಅದಿಲ್ಲದೆ ತಲೆ ಭಾರ ಎನ್ನುವುದು ಅದೇ ಚಟದ ಗುರುತು.

ಸರಿಯಾದ ವಿಧಾನ ಹೀಗೆ. ಸಾಫ್ಟ್ ಎಂದು ಬರೆದಿರುವ, ತಲೆ ಚಿಕ್ಕದಿರುವ ಬ್ರಷ್ ತೆಗೆದುಕೊಳ್ಳಿ. ಪೆನ್ನು ಹಿಡಿದಂತೆ ಬೆರಳುಗಳಲ್ಲಿ ಹಿಡಿಯಿರಿ. ಮುಷ್ಟಿಯಲ್ಲಿ ಹಿಡಿದರೆ ಬಲ ತಾನಾಗಿ ಹೆಚ್ಚಾಗುತ್ತದೆ. ಎಳೆಗಳನ್ನು ವಸಡಿನ ಕಡೆಗೆ 45 ಡಿಗ್ರಿ ಓರೆಯಾಗಿಸಿ, ಅರ್ಧ ಹಲ್ಲಿನ ಮೇಲೆ ಅರ್ಧ ವಸಡಿನ ಮೇಲೆ ಇರುವಂತೆ ಇಟ್ಟು, ಅಲ್ಲೇ ನಡುಗಿಸಿದಂತೆ ಹತ್ತು ಸಲ ಆಡಿಸಿ, ಆಮೇಲೆ ವಸಡಿನಿಂದ ಹಲ್ಲಿನ ತುದಿಯ ಕಡೆಗೆ ಗುಡಿಸಿ. ಎರಡು ಮೂರು ಹಲ್ಲು ಮುಗಿದ ಮೇಲೆ ಮುಂದಕ್ಕೆ ಸರಿಯಿರಿ. ಹೊರಮೈ, ಒಳಮೈ, ಅಗಿಯುವ ಮೈ ಮೂರೂ ಆಗಬೇಕು. ಹೆಚ್ಚಿನವರು ಬಿಟ್ಟುಬಿಡುವುದು ಕೆಳಗಿನ ಮುಂದಿನ ಹಲ್ಲುಗಳ ಒಳಭಾಗ. ನಾಲಿಗೆಯ ಕೆಳಗೆ ಜೊಲ್ಲಿನ ಗ್ರಂಥಿಯ ಬಾಯಿ ತೆರೆಯುವುದು ಅಲ್ಲೇ, ಹಲ್ಲಿನ ಮೇಲಿನ ಅಂಟು ಪದರ, ಅಂದರೆ ಪಾಚಿ, ಜೊಲ್ಲಿನ ಖನಿಜ ಸೇರಿ ಗಟ್ಟಿ ಗಾರೆಯಾಗುವುದೂ ಅಲ್ಲೇ. ಅಲ್ಲಿಗೆ ಬ್ರಷ್ಷನ್ನು ನೆಟ್ಟಗೆ ನಿಲ್ಲಿಸಿ ತುದಿಯಿಂದ ಉಜ್ಜಬೇಕು. ಒಟ್ಟು ಎರಡು ನಿಮಿಷ. ಮೂರು ತಿಂಗಳಿಗೊಮ್ಮೆ, ಅಥವಾ ಎಳೆಗಳು ಕೆದರಿದಾಗ ಇನ್ನೂ ಮೊದಲೇ, ಬ್ರಷ್ ಬದಲಾಯಿಸಿ. ಒಂದೇ ತಿಂಗಳಲ್ಲಿ ಎಳೆ ಕೆದರುತ್ತಿದ್ದರೆ ನಿಮ್ಮ ಕೈ ಭಾರ ಎಂದರ್ಥ.

ಪೇಸ್ಟು ಜಾಹೀರಾತಿನಂತೆ ಬ್ರಷ್ ತುಂಬ ಬೇಡ. ದೊಡ್ಡವರಿಗೆ, ಮೂರು ವರ್ಷ ದಾಟಿದ ಮಕ್ಕಳಿಗೆ ಬಟಾಣಿಯಷ್ಟು, ಅದಕ್ಕಿಂತ ಚಿಕ್ಕವರಿಗೆ ಅಕ್ಕಿಕಾಳಿನಷ್ಟು. ಏಳೆಂಟು ವರ್ಷದವರೆಗೆ ಮಗುವಿನ ಹಲ್ಲನ್ನು ದೊಡ್ಡವರೇ ಉಜ್ಜಬೇಕು, ಆ ವಯಸ್ಸಿಗೆ ಮುಂಚೆ ಕೈಗೆ ಅಷ್ಟು ಹದ ಬಂದಿರುವುದಿಲ್ಲ. ಟ್ಯೂಬಿನ ಹಿಂದೆ ಫ್ಲೋರೈಡ್ ಇದೆಯೇ ನೋಡಿ, 1000 ಪಿಪಿಎಂ ಆಸುಪಾಸು ಇದ್ದರೆ ಸರಿ. ಗಿಡಮೂಲಿಕೆಯದು ಎಂದು ಮಾರುವ ಎಷ್ಟೋ ಪೇಸ್ಟುಗಳಲ್ಲಿ ಅದು ಇರುವುದೇ ಇಲ್ಲ. ಫ್ಲೋರೈಡ್ ಎಂದರೆ ಹಲ್ಲು ಹಳದಿಯಾಗುತ್ತದೆ ಎಂಬ ಹೆದರಿಕೆ ಕೋಲಾರ, ಪಾವಗಡದಂಥ ಬಯಲುಸೀಮೆಯ ಕೊಳವೆಬಾವಿ ನೀರಿನ ಕಥೆಯಿಂದ ಬಂದದ್ದು. ಅಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮಿತಿ ಮೀರಿದ ನೀರನ್ನು ಬಾಲ್ಯದಿಂದ ಕುಡಿದವರಿಗೆ ಹಾಗಾಗುತ್ತದೆ. ಉಜ್ಜಿ ಉಗುಳುವ ಬಟಾಣಿ ಗಾತ್ರದ ಪೇಸ್ಟಿನಿಂದ ಆಗುವುದಿಲ್ಲ. ಉಗುಳಿದ ಮೇಲೆ ಚೊಂಬುಗಟ್ಟಲೆ ನೀರಲ್ಲಿ ಮುಕ್ಕಳಿಸಬೇಡಿ. ಬಾಯಲ್ಲಿ ಉಳಿಯುವ ಒಂದಿಷ್ಟು ಫ್ಲೋರೈಡೇ ರಾತ್ರಿಯಿಡೀ ಹಲ್ಲನ್ನು ಕಾಯುವುದು.

ಹುಳಿಯ ಮೇಲೆ ಬ್ರಷ್

ಹುಳುಕು ಬ್ಯಾಕ್ಟೀರಿಯಾದ ಆಮ್ಲದಿಂದ ಬರುವುದು. ನಾವೇ ನೇರವಾಗಿ ಬಾಯಿಗೆ ಹಾಕಿಕೊಳ್ಳುವ ಆಮ್ಲದಿಂದ ಆಗುವುದು ಬೇರೆ, ಅದು ಸವಕಳಿ. ನಿಂಬೆರಸದ ಪಿಎಚ್ 2ರಿಂದ 2.5, ಕೋಲಾದಂಥ ಪಾನೀಯಗಳದ್ದು 2.5ರ ಸುತ್ತ, ವೈನ್ 3ರಿಂದ 3.5, ಕಿತ್ತಳೆ ರಸ 3.5ರಿಂದ 4. ಇವೆಲ್ಲ 5.5ಕ್ಕಿಂತ ಎಷ್ಟೋ ಕೆಳಗೆ. ಕೊಡಗಿನ ಅಡುಗೆಮನೆಗೆ ಇವು ಯಾವುವೂ ಹೊಸದಲ್ಲ: ಕಿತ್ತಳೆ, ಪ್ಯಾಶನ್ ಫ್ರೂಟ್ ಶರಬತ್ತು, ಮನೆಯಲ್ಲೇ ಮಾಡಿದ ವೈನು, ಜೊತೆಗೆ ಕಾಚಂಪುಳಿ. ಹಣ್ಣಿನ ರಸವನ್ನು ಬತ್ತಿಸಿ ಬತ್ತಿಸಿ ಕಪ್ಪಗೆ ಗಟ್ಟಿ ಮಾಡಿದ ಆಮ್ಲವೇ ಕಾಚಂಪುಳಿ. ಪಂದಿ ಕರಿಗೆ ಚಮಚದ ಲೆಕ್ಕದಲ್ಲಿ ಬಿದ್ದು, ಮಾಂಸದ ಜೊತೆ ಬೆಂದು, ಕಡಂಬುಟ್ಟಿನೊಂದಿಗೆ ಹೊಟ್ಟೆಗಿಳಿದರೆ ಅದರಿಂದ ಹಲ್ಲಿಗೆ ಏನೂ ಕೇಡಿಲ್ಲ. ತೂಕ ಇಳಿಸಬೇಕೆಂದು ಅದನ್ನೋ ನಿಂಬೆರಸವನ್ನೋ ನೀರಿಗೆ ಹಾಕಿ ದಿನಾ ಬೆಳಿಗ್ಗೆ ಗುಟುಕು ಗುಟುಕಾಗಿ ಕುಡಿದರೆ ಕೇಡಿದೆ.

ಅದರಲ್ಲೂ ಕುಡಿದ ಕೂಡಲೇ ಬ್ರಷ್ ಹಿಡಿಯುವುದು ದೊಡ್ಡ ತಪ್ಪು. ಆಮ್ಲ ತಾಗಿದ ಎನಾಮೆಲ್‌ನ ಮೇಲ್ಪದರ ಸ್ವಲ್ಪ ಹೊತ್ತು ಮೆತ್ತಗಿರುತ್ತದೆ. ಆಗ ಉಜ್ಜಿದರೆ ಮೆತ್ತಗಾದ ಪದರ ಬ್ರಷ್ಷಿನ ಜೊತೆಗೇ ಹೋಗುತ್ತದೆ. ಬಿಟ್ಟಿದ್ದರೆ ಜೊಲ್ಲು ಅದನ್ನು ಗಟ್ಟಿ ಮಾಡಿರುತ್ತಿತ್ತು. ಹುಳಿ ತಿಂದ ಮೇಲೆ ಬರೀ ನೀರಲ್ಲಿ ಮುಕ್ಕಳಿಸಿ, ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಉಜ್ಜಿ. ಬೆಳಿಗ್ಗೆ ನಿಂಬೆನೀರು ಬೇಕೇ ಬೇಕೆಂದರೆ ಮೊದಲು ಹಲ್ಲುಜ್ಜಿ, ಆಮೇಲೆ ಕುಡಿಯಿರಿ, ಸ್ಟ್ರಾ ಇದ್ದರೆ ಒಳ್ಳೆಯದು. ವಾಂತಿಗೂ ಇದೇ ನಿಯಮ. ಬಸುರಿಯ ವಾಂತಿ ಇರಲಿ, ಮಡಿಕೇರಿ ಘಾಟಿಯ ತಿರುವುಗಳಲ್ಲಿ ಬಸ್ಸಿನಲ್ಲಾಗುವ ವಾಂತಿ ಇರಲಿ, ಹೊಟ್ಟೆಯ ಆಮ್ಲ ನಿಂಬೆಗಿಂತಲೂ ಕಡು. ಮುಕ್ಕಳಿಸಿ, ಕಾಯಿರಿ, ಆಮೇಲೆ ಬ್ರಷ್.

ಎಲೆ ಅಡಿಕೆ, ಹೊಗೆಸೊಪ್ಪು

ಶುಭಕಾರ್ಯದ ವೀಳ್ಯವನ್ನು ಯಾರೂ ದೂರಬೇಕಿಲ್ಲ. ಆದರೆ ದಿನಕ್ಕೆ ಹತ್ತು ಸಲ ಅಡಿಕೆ ಮೆಲ್ಲುವ, ರಾತ್ರಿ ಕೆನ್ನೆಯೊಳಗೆ ಇಟ್ಟುಕೊಂಡೇ ಮಲಗುವ ಅಭ್ಯಾಸವನ್ನು ಸ್ಪಷ್ಟ ಮಾತಿನಲ್ಲಿ ಅಪಾಯ ಎನ್ನಲೇಬೇಕು. ಹೊಗೆಸೊಪ್ಪು ಇಲ್ಲದಿದ್ದರೆ ತೊಂದರೆಯಿಲ್ಲ ಎಂಬುದು ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ, ಹೊಗೆಸೊಪ್ಪಿನ ಜೊತೆಯಿಲ್ಲದೆಯೂ, ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಕಾಫಿಯ ನಡುವೆ ಅಡಿಕೆ ಮರ ಬೆಳೆಸುವ ಊರಿನಲ್ಲಿ ಈ ಮಾತು ಕಹಿ, ಆದರೂ ಹೇಳದೆ ಇರಲಾಗದು.

ಬಾಯೊಳಗೆ ಏನಾಗುತ್ತದೆಂದರೆ, ಅಡಿಕೆಯ ಅರೆಕೋಲಿನ್ ಎಂಬ ಸತ್ವ ಕೆನ್ನೆಯ ಒಳಪದರದಲ್ಲಿ ನಾರು ಹೆಚ್ಚಾಗಿ ಬೆಳೆಯುವಂತೆ ಮಾಡುತ್ತದೆ. ಬೆಳೆದ ನಾರು ಕರಗುವುದಿಲ್ಲ. ಮೆತ್ತಗಿದ್ದ ಕೆನ್ನೆ ನಿಧಾನಕ್ಕೆ ಚರ್ಮದ ಪಟ್ಟಿಯಂತೆ ಬಿಗಿಯುತ್ತದೆ. ಮೊದಲ ಲಕ್ಷಣ ಬಾಯಿ ಉರಿ: ಮೊದಲೆಲ್ಲ ಸಲೀಸಾಗಿ ತಿನ್ನುತ್ತಿದ್ದ ಖಾರ ಈಗ ತಡೆಯಲಾಗುವುದಿಲ್ಲ. ಆಮೇಲೆ ಕೆನ್ನೆಯೊಳಗೆ ಬಿಳಿಚಿದ ಬಣ್ಣ, ಆಮೇಲೆ ಬಾಯಿ ತೆರೆಯಲು ಕಷ್ಟ. ಮನೆಯಲ್ಲೇ ಪರೀಕ್ಷಿಸಿಕೊಳ್ಳಬಹುದು. ನಿಮ್ಮ ಕೈಯ ನಡುವಿನ ಮೂರು ಬೆರಳುಗಳನ್ನು ಒಂದರ ಮೇಲೊಂದು ಬರುವಂತೆ ಜೋಡಿಸಿ, ಮೇಲಿನ ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಡಿ. ಮೂರೂ ಹಿಡಿದರೆ ಸರಿ. ಎರಡೇ ಹಿಡಿಯುತ್ತಿದ್ದರೆ ಅಡಿಕೆಯನ್ನು ಅಂದೇ ನಿಲ್ಲಿಸಿ ದಂತವೈದ್ಯರ ಬಳಿ ಹೋಗಿ. ಬಿಗಿತ ಪೂರ್ತಿ ಹಿಂದಕ್ಕೆ ಹೋಗುವುದಿಲ್ಲ, ಬಿಟ್ಟರೆ ಮುಂದಕ್ಕೆ ಹೋಗುವುದನ್ನು ತಡೆಯಬಹುದು.

ಗುಟ್ಕಾವನ್ನು ರಾಜ್ಯದಲ್ಲಿ 2013ರಲ್ಲಿ ನಿಷೇಧಿಸಿದ ಮೇಲೆ ಪಾನ್ ಮಸಾಲೆ ಒಂದು ಪೊಟ್ಟಣ, ಹೊಗೆಸೊಪ್ಪು ಇನ್ನೊಂದು ಪೊಟ್ಟಣವಾಗಿ ಮಾರಾಟವಾಗತೊಡಗಿತು. ಅಂಗೈಯಲ್ಲಿ ಬೆರೆಸಿದರೆ ಅದೇ ಗುಟ್ಕಾ. ಕೆಳದುಟಿಯ ಹಿಂದೆ, ಕೆನ್ನೆಯ ಸಂದಿಯಲ್ಲಿ ದಿನಾ ಒಂದೇ ಜಾಗದಲ್ಲಿ ಇಡುವವರು ಆ ಜಾಗವನ್ನು ವಾರಕ್ಕೊಮ್ಮೆ ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ ನೋವು ಇರಲಿ ಇಲ್ಲದಿರಲಿ ತೋರಿಸಿ. ಬಾಯಿಯ ಕ್ಯಾನ್ಸರ್ ಆರಂಭದಲ್ಲಿ ಹೆಚ್ಚಾಗಿ ನೋಯುವುದಿಲ್ಲ, ಅದಕ್ಕೇ ತಡವಾಗುವುದು. ಹೊಗೆಸೊಪ್ಪಿನ ಜೊತೆ ಮದ್ಯವೂ ಇದ್ದರೆ ಅಪಾಯ ಎಷ್ಟೋ ಪಟ್ಟು ಏರುತ್ತದೆ.

ರಕ್ತ ಬಂತೆಂದು ಉಜ್ಜುವುದನ್ನೇ ಬಿಟ್ಟರೆ

ಉಜ್ಜುವಾಗ ವಸಡಿನಿಂದ ರಕ್ತ ಬಂದರೆ ಆ ಜಾಗವನ್ನು ಮುಟ್ಟದೆ ಬಿಡುವುದು ಸಹಜ. ಆದರೆ ರಕ್ತ ಬರುವುದು ಅಲ್ಲಿ ಪಾಚಿ ಕೂತಿರುವುದರಿಂದ. ಬಿಟ್ಟಷ್ಟೂ ಪಾಚಿ ಬೆಳೆಯುತ್ತದೆ, ರಕ್ತ ಹೆಚ್ಚುತ್ತದೆ. ಮೆತ್ತನೆ ಬ್ರಷ್‌ನಿಂದ ಅಲ್ಲೇ ನಯವಾಗಿ ಉಜ್ಜಿದರೆ ಒಂದೆರಡು ವಾರದಲ್ಲಿ ರಕ್ತ ನಿಲ್ಲುತ್ತದೆ. ನಿಲ್ಲದಿದ್ದರೆ ಪಾಚಿ ಗಟ್ಟಿಯಾಗಿ ಗಾರೆಯಾಗಿದೆ, ಅದು ಬ್ರಷ್‌ಗೆ ಬಗ್ಗುವುದಿಲ್ಲ, ವೈದ್ಯರೇ ತೆಗೆಯಬೇಕು. ಬೀಡಿ ಸಿಗರೇಟು ಸೇದುವವರ ವಸಡಿನಲ್ಲಿ ಈ ಎಚ್ಚರಿಕೆಯೂ ಸಿಗುವುದಿಲ್ಲ. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಒಳಗೆ ಎಲುಬು ಕರಗುತ್ತಿದ್ದರೂ ರಕ್ತ ಕಾಣುವುದಿಲ್ಲ.

ಹಲ್ಲು ಕ್ಲೀನ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತದೆ ಎಂಬ ಮಾತು ಮನೆಮನೆಯಲ್ಲಿದೆ. ಅದು ಹುಟ್ಟಿದ್ದು ಹೀಗೆ: ವರ್ಷಗಟ್ಟಲೆ ಕೂತ ಗಾರೆ ಹಲ್ಲಿನ ಸುತ್ತಲಿನ ಎಲುಬನ್ನು ಆಗಲೇ ಕರಗಿಸಿರುತ್ತದೆ. ಗಾರೆಯೇ ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುತ್ತದೆ. ಅದನ್ನು ತೆಗೆದಾಗ ಮೊದಲೇ ಸಡಿಲವಾಗಿದ್ದದ್ದು ಗೊತ್ತಾಗುತ್ತದೆ. ಹಲ್ಲುಗಳ ನಡುವೆ ಸಂದಿ ಕಾಣುವುದೂ, ಕೆಲವು ದಿನ ತಣ್ಣನೆಯದಕ್ಕೆ ಜುಂ ಎನ್ನುವುದೂ ಗಾರೆ ಮುಚ್ಚಿದ್ದ ಜಾಗ ತೆರೆದುಕೊಂಡಿದ್ದರಿಂದ. ಸಕ್ಕರೆ ಕಾಯಿಲೆ ಇರುವವರು ಇದನ್ನು ಮುಂದೂಡಲೇಬಾರದು. ವಸಡಿನ ಸೋಂಕು ಸಕ್ಕರೆಯ ಹತೋಟಿ ಕೆಡಿಸುತ್ತದೆ, ಏರಿದ ಸಕ್ಕರೆ ವಸಡನ್ನು ಇನ್ನಷ್ಟು ಕೆಡಿಸುತ್ತದೆ.

ಊಟದ ಮೇಲೆ ಸಂದಿಗೆ ಪಿನ್ನು, ಬೆಂಕಿಕಡ್ಡಿ ಹಾಕಿ ಕೆದಕುವುದನ್ನು ಬಿಟ್ಟು ಹಲ್ಲಿನ ಸಂದಿಯ ದಾರ (ಫ್ಲಾಸ್) ಅಥವಾ ಸಂದಿ ಬ್ರಷ್ ಬಳಸಿ. ಪಂದಿ ಕರಿಯ ನಾರು ಯಾವಾಗಲೂ ಒಂದೇ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತಿದ್ದರೆ ಅಲ್ಲಿ ಹುಳುಕೋ ವಸಡಿನ ಗುಳಿಯೋ ಇದೆ. ಬಾಟಲಿಯ ಮುಚ್ಚಳ ಕಚ್ಚಿ ತೆಗೆಯುವುದು, ಗಟ್ಟಿ ಅಡಿಕೆ ಒಡೆಯುವುದು, ಮೂಳೆ ಕಡಿಯುವುದು ಹಲ್ಲಿನ ಕೆಲಸವಲ್ಲ. ಇದರಿಂದ ಬೀಳುವ ಕೂದಲೆಳೆಯ ಬಿರುಕು ಎಕ್ಸ್‌ರೇಯಲ್ಲೂ ಕಾಣದೆ, ಕಚ್ಚಿ ಬಿಟ್ಟಾಗ ಮಾತ್ರ ಚುಳ್ ಎಂದು, ತಿಂಗಳುಗಟ್ಟಲೆ ಕಾಡುತ್ತದೆ. ಹಲ್ಲು ಸೆಟ್ ಹಾಕಿಕೊಳ್ಳುವ ಅಜ್ಜ ಅಜ್ಜಿಯರು ರಾತ್ರಿ ಅದನ್ನು ತೆಗೆದು, ಸೋಪಿನಿಂದ ತೊಳೆದು, ತಣ್ಣೀರಲ್ಲಿ ಇಡಬೇಕು. ಬಿಸಿನೀರಲ್ಲಿ ಅದು ಸೊಟ್ಟಗಾಗುತ್ತದೆ.

ನೋವು ನಿಂತಿತು ಎನ್ನುವಾಗ

ಎನಾಮೆಲ್‌ನಲ್ಲಿ ನರವಿಲ್ಲ. ಹುಳುಕು ಅಲ್ಲಿರುವಷ್ಟು ಕಾಲ ಏನೂ ಗೊತ್ತಾಗುವುದಿಲ್ಲ. ಡೆಂಟಿನ್‌ಗೆ ಇಳಿದಾಗ ತಣ್ಣನೆಯದಕ್ಕೆ, ಸಿಹಿಗೆ ಚುಳ್ ಎನ್ನುತ್ತದೆ, ತೆಗೆದರೆ ನಿಲ್ಲುತ್ತದೆ. ಆಗ ಹೋದರೆ ಸಿಮೆಂಟ್ ತುಂಬಿಸಿ ಅರ್ಧ ಗಂಟೆಯಲ್ಲಿ ಮನೆಗೆ ಬರಬಹುದು. ಇನ್ನೂ ಒಳಗೆ, ನರದವರೆಗೆ ಹೋದರೆ ರಾತ್ರಿ ಮಲಗಿದಾಗ ತಾನಾಗಿ ನೋವೇಳುತ್ತದೆ. ಇಲ್ಲಿಂದ ರೂಟ್ ಕೆನಾಲ್ ಆಗಬೇಕು, ಇಲ್ಲವೇ ಹಲ್ಲು ಕೀಳಬೇಕು. ಈ ಹಂತದಲ್ಲಿ ಮನೆಮದ್ದುಗಳು ಶುರುವಾಗುತ್ತವೆ. ಲವಂಗದ ಎಣ್ಣೆ ಒಂದು ಹನಿ ಹತ್ತಿಯಲ್ಲಿ ಅದ್ದಿ ಗುಳಿಯಲ್ಲಿಟ್ಟರೆ ಸ್ವಲ್ಪ ಹೊತ್ತು ಮರಗಟ್ಟುತ್ತದೆ, ತಪ್ಪಿಲ್ಲ. ನೋವಿನ ಮಾತ್ರೆಯನ್ನು ನುಂಗುವ ಬದಲು ವಸಡಿನ ಮೇಲಿಡುವುದು ತಪ್ಪು, ಅಲ್ಲಿನ ಚರ್ಮ ಸುಟ್ಟು ಬಿಳಿಯಾಗಿ ಸುಲಿಯುತ್ತದೆ. ಗುಳಿಗೆ ಹೊಗೆಸೊಪ್ಪು ತುರುಕುವುದು, ಬ್ರಾಂದಿ ಹಿಡಿದಿಟ್ಟುಕೊಳ್ಳುವುದು, ಬಾತ ಕೆನ್ನೆಗೆ ಬಿಸಿ ಶಾಖ ಕೊಡುವುದು ಯಾವುದೂ ಬೇಡ. ಬಾತ ಜಾಗಕ್ಕೆ ಹೊರಗಿನಿಂದ ತಣ್ಣನೆಯ ಬಟ್ಟೆ ಇಡಿ. ಹಿಂದೆ ಯಾರಿಗೋ ಕೊಟ್ಟಿದ್ದ ಆ್ಯಂಟಿಬಯೋಟಿಕ್ ಎರಡು ಮಾತ್ರೆ ನುಂಗಿದರೆ ಬಾವು ಕಡಿಮೆಯಾದಂತೆ ಕಂಡು, ಹುಳುಕು ಇದ್ದಲ್ಲೇ ಉಳಿದು, ಇನ್ನೂ ಜೋರಾಗಿ ಮರಳುತ್ತದೆ.

ಎಲ್ಲಕ್ಕಿಂತ ಹೆಚ್ಚು ಜನ ಮೋಸ ಹೋಗುವುದು ಮುಂದಿನ ಹಂತದಲ್ಲಿ. ವಾರಗಟ್ಟಲೆ ಕಾಡಿದ ನೋವು ಒಂದು ದಿನ ತಾನಾಗಿ ನಿಲ್ಲುತ್ತದೆ. ಮಳೆಗಾಲ ಬೇರೆ, ವಿರಾಜಪೇಟೆಗೋ ಮಡಿಕೇರಿಗೋ ಯಾರು ಹೋಗುವುದು ಎಂದು ಸುಮ್ಮನಾಗುತ್ತಾರೆ. ಹಲ್ಲಿನೊಳಗಿನ ನರ ಸತ್ತದ್ದರಿಂದ ನೋವು ನಿಂತಿದೆ, ವಾಸಿಯಾಗಿ ಅಲ್ಲ. ಸೋಂಕು ಈಗ ಬೇರಿನ ತುದಿಯಿಂದ ಎಲುಬಿಗೆ ಇಳಿಯುತ್ತಿರುತ್ತದೆ. ವಸಡಿನ ಮೇಲೆ ಮೊಡವೆಯಂಥ ಗುಳ್ಳೆ ಎದ್ದು, ಒಡೆದು, ಕೆಟ್ಟ ರುಚಿ ಬರುವುದು ಅದರ ಗುರುತು. ಕೆಳದವಡೆಯ ಹಿಂದಿನ ಹಲ್ಲುಗಳ ಕೀವು ನಾಲಿಗೆಯ ಕೆಳಗೆ, ಕುತ್ತಿಗೆಯ ಕಡೆಗೆ ಹರಡಬಲ್ಲದು. ದವಡೆಯ ಕೆಳಗೆ ಗಟ್ಟಿ ಬಾವು, ಜ್ವರ, ಬಾಯಿ ತೆರೆಯಲಾಗದಿರುವುದು, ಜೊಲ್ಲು ನುಂಗಲೂ ಕಷ್ಟ, ನಾಲಿಗೆ ಮೇಲಕ್ಕೆ ಒತ್ತಿದಂತೆ, ಮಾತು ತೊದಲಿದಂತೆ ಕಂಡರೆ ಬೆಳಗಾಗಲಿ ಎಂದು ಕಾಯಬಾರದು. ಅದು ಉಸಿರುಗಟ್ಟಿಸುವ ಬಾವು. ರಾತ್ರಿ ಎಷ್ಟೇ ಹೊತ್ತಾಗಿರಲಿ, ರೋಗಿಯನ್ನು ಅಂಗಾತ ಮಲಗಿಸದೆ ಕೂರಿಸಿಕೊಂಡೇ, ಕ್ಲಿನಿಕ್‌ಗಲ್ಲ, ತುರ್ತು ಚಿಕಿತ್ಸೆ ಇರುವ ದೊಡ್ಡ ಆಸ್ಪತ್ರೆಗೆ ನೇರವಾಗಿ ಕರೆದುಕೊಂಡು ಹೋಗಿ.